ಉಲ್ಟಾ ಹಾಡಿನೊಳಗೆ ಪುಟ್ಟಗಂಗಮ್ಮ

ಚಿಪ್ಪು ಮೇಲಕ್ಕೆ ಹಾರುತ್ತಿದೆ, ಅರೆ, ನೆಲಕ್ಕೆ ಬಿದ್ದಿದ್ದ ಚೂರೆಲ್ಲ ಎದ್ದು ಬಂದು ಕೊಬ್ಬರಿಗೆ ಅಂಟಿಕೊಳ್ಳುತ್ತಿವೆ, ಅಂಗೈಯಗಲದ ಫೋನಿನಲ್ಲಿ ಇಷ್ಟು ದೊಡ್ಡ ಮಾಯೆ, ಪವಿತ್ರಾ ಅಲ್ಲಾಡಿಸಬೇಡವೇ, ನೆಟ್ಟಗೆ ಹಿಡಿ — ಸುಮ್ಕಿರಿ ಅತ್ತೆ, ನೋಡಕ್ ಬುಡಿ ಎನ್ನುತ್ತಾಳೆ ಸೊಸೆ, ಊಟದ ಹೊತ್ತು, ಕೊಬ್ಬರಿ ಗೋದಾಮಿನ ಹೆಂಗಸರೆಲ್ಲ ಮುದ್ದೆ ಬಿಟ್ಟು ನನ್ನ ಬೆನ್ನ ಮೇಲೆ ಬಿದ್ದಿದ್ದಾರೆ, ಯಾರದೋ ಕೈಯಿಂದ ಸಾರಿನ ವಾಸನೆ, ಇರಲಿ. ಮಾಯಸಂದ್ರದ ಹುಡುಗಿ ಯೋಗಿತಾ ಮಾಡಿರುವ ಹಾಡಿನ ವೀಡಿಯೋ, ಇವತ್ತು ಬಿಟ್ಟಿದ್ದಾಳೆ, ಇದೇ ಗೋದಾಮಿನಲ್ಲಿ ತೆಗೆದದ್ದು, ಮೂರು ತಿಂಗಳಾಯಿತು, ಮೂರು ತಿಂಗಳಿಂದ ನನಗೆ ಒಂದೇ ಯೋಚನೆ, ನನ್ನನ್ನು ಇಟ್ಟಿದ್ದಾಳೋ ಕತ್ತರಿಸಿದ್ದಾಳೋ.

ಕತ್ತರಿಸಿದ್ದರೂ ತಪ್ಪು ನನ್ನದೇ. ಅಕ್ಕಾ, ಕಾಯಿ ಎತ್ಕೊಳ್ಳಿ, ಚಿಪ್ಪು ಒಡ್ದು ಹಾಕಿ, ಅಷ್ಟೇ, ಆಮೇಲೆ ನಾನು ಎಲ್ಲಾನೂ ಉಲ್ಟಾ ಓಡಿಸ್ತೀನಿ ಅಂದಿದ್ದಳು, ಅದರಲ್ಲೇನು ಕಷ್ಟ, ಆದರೆ ಕಾಯಿ ಸಿಕ್ಕ ಕೂಡಲೇ ಈ ಹಾಳು ಕೈ ತಾನಾಗಿ ಕಿವಿಯ ಹತ್ತಿರ ಹೋಯಿತು, ಗಡಗಡ ಅಲ್ಲಾಡಿಸಿತು, ಹನ್ನೊಂದು ತಿಂಗಳು ಅಟ್ಟದ ಮೇಲಿದ್ದು ನೀರು ಬತ್ತಿ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ತಾನೇ ಗಡಗಡ ಅನ್ನುವುದು, ಕೇಳದೆ ಒಡೆದವಳಲ್ಲ ನಾನು, ನಲವತ್ತು ವರ್ಷದ ಚಾಳಿ. ಕಟ್. ಮತ್ತೆ ಕಾಯಿ, ಮತ್ತೆ ಕಿವಿ, ಕಟ್, ಮೂರನೇ ಸಲವೂ ಅದೇ, ಪಕ್ಕದಲ್ಲಿ ಕಾಯಿ ಒಡೆಯುವ ಮಂಜಮ್ಮ ಬಿದ್ದು ಬಿದ್ದು ನಕ್ಕಳು, ಅದ್ಯಾರಿಗೆ ಫೋನ್ ಮಾಡ್ತಿದ್ದೀಯೇ ಗಂಗಿ ಅಂದಳು, ಯೋಗಿತಾ ಮಾತ್ರ ನಗಲಿಲ್ಲ, ಗಲ್ಲಕ್ಕೆ ಕೈ ಕೊಟ್ಟು ನನ್ನನ್ನೇ ನೋಡಿದಳು, ಏನ್ ಕೇಳ್ಸುತ್ತಕ್ಕಾ ಅಂದಳು, ಕೊಬ್ರಿ ಆಗೈತೋ ಇಲ್ವೋ ಅಂತ ಹೇಳ್ತದೆ ಕಣವ್ವ ಅಂದೆ, ಸಾಕು ಬಿಡಿ ಅಕ್ಕ ಅಂದುಬಿಟ್ಟಳು. ಸಾಕು ಎಂದರೆ ಏನರ್ಥ, ಮನೆ ಮುಟ್ಟುವ ತನಕ ಕೈಯನ್ನು ಬೈದುಕೊಂಡೇ ನಡೆದೆ.

ಆದರೂ ಏನು ತಲೆ ಈ ಹುಡುಗಿಯದು! ಎಲ್ಲವೂ ಹಿಂದಕ್ಕೆ ಓಡುತ್ತಿದೆ, ಹಾಡುವ ದಯಾನಂದನ ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂಡುತ್ತಿದೆ, ಅದಕ್ಕೆಂದೇ ಅವನಿಗೆ ಇಡೀ ಹಾಡನ್ನು ಕೊನೆಯಿಂದ ಮೊದಲಿಗೆ ಉರು ಹೊಡೆಸಿದ್ದಳು, ಗೋದಾಮಿನ ಹಿಂದೆ ಅವನು ಗೊಣಗುವುದನ್ನು ಕೇಳಿ ಪಾಪ, ದೆವ್ವ ಮೆಟ್ಟಿಕೊಂಡಿದೆ ಅಂದುಕೊಂಡಿದ್ದೆವು — ಅಗೋ ಸುಲಿದ ಮಟ್ಟೆ ಬಂದು ಕಾಯಿಗೆ ಸುತ್ತಿಕೊಂಡಿತು, ಕಾಯಿಗಳು ಸಾಲಾಗಿ ಅಟ್ಟ ಹತ್ತಿದವು, ಅಟ್ಟದಿಂದ ಟ್ರ್ಯಾಕ್ಟರಿಗೆ, ಟ್ರ್ಯಾಕ್ಟರು ಹಿಂದಕ್ಕೆ ಹಿಂದಕ್ಕೆ ತೋಟಕ್ಕೆ, ನೆಲದಿಂದ ಮರಕ್ಕೆ ಕಾಯಿಯ ಮಳೆ, ಅಬ್ಬಬ್ಬಾ, ನಾನಿಲ್ಲ, ಇನ್ನೂ ನಾನಿಲ್ಲ, ಇಷ್ಟು ಚೆಂದದ್ದರಲ್ಲಿ ನಾನೊಬ್ಬಳು ಇರದಿದ್ದರೇನು, ಸುಳ್ಳು, ಹೊಟ್ಟೆ ಉರಿಯುತ್ತಿದೆ, ಮೂಲೆಯಲ್ಲಾದರೂ ಒಂದು ಚೂರು ಇರಬಾರದೇ. ಹಾಡು ನಿಂತಿತು. ಫೋನು ಕೆಟ್ಟಿತೇನೇ? ಇಲ್ಲ ಅತ್ತೆ, ಓಡ್ತಾ ಐತೆ. ಗಡಗಡ. ನಾನು. ತಮಟೆಯಿಲ್ಲ, ಕೊಳಲಿಲ್ಲ, ಫೋನಿನ ತುಂಬ ನನ್ನ ಮುಖ, ಗಡಗಡ, ಇದನ್ನೂ ಹಿಂದಕ್ಕೆ ಓಡಿಸಿದ್ದಾಳೋ ಇಲ್ಲವೋ ಹೇಗೆ ಗೊತ್ತಾಗಬೇಕು, ಕಾಯಿ ಅಲ್ಲಾಡಿಸುವುದು ಹಿಂದಿನಿಂದಲೂ ಅದೇ, ಮುಂದಿನಿಂದಲೂ ಅದೇ, ಲೋಕವೆಲ್ಲ ತಿರುಗಿದರೂ ಅದೊಂದು ತಿರುಗುವುದಿಲ್ಲ, ಅದಕ್ಕೇ ಸಾಕು ಅಂದಳು, ಕಳ್ಳಿ, ಅವತ್ತೇ ಕಂಡುಕೊಂಡಿದ್ದಾಳೆ! ಮಂಜಮ್ಮ ಬೆನ್ನಿಗೆ ಗುದ್ದುತ್ತಾಳೆ, ಲೇ ಗಂಗೀ ನೀನೇ ಕಣೇ, ಪವಿತ್ರಾ ಯಾಕೋ ಅಳುತ್ತಿದ್ದಾಳೆ, ನಾನು ನಗುತ್ತಿದ್ದೇನೆ, ಇಲ್ಲೂ ನಗು, ಅಲ್ಲೂ — ಕಾಯಿ ಕೇಳುವಾಗ ನಾನು ಕಣ್ಣು ಮುಚ್ಚುತ್ತೇನಾ, ಮುಚ್ಚಿಕೊಂಡು ನಗುತ್ತೇನಾ, ನಲವತ್ತು ವರ್ಷದಲ್ಲಿ ಒಬ್ಬರೂ ಹೇಳಲಿಲ್ಲ, ಹೇಳುವುದಕ್ಕೆ ಯಾರಾದರೂ ನೋಡಿರಬೇಕಲ್ಲ, ಯೋಗಿತಾ ನೋಡಿದಳು, ಇನ್ನೊಂದು ಸಲ ಹಾಕೇ ಪವಿತ್ರಾ, ಮುಚ್ಚಿದ ಕಣ್ಣು, ಕಿವಿಯ ಹತ್ತಿರ ಕಾಯಿ, ಆ ನಗು, ಇನ್ನೊಂದು ಸಲ, ಮುಚ್ಚಿದ ಕಣ್ಣು, ಕಿವಿಯ ಹತ್ತಿರ ಕಾಯಿ