ಪಟಕದ ನೀರು

1864ರ ಫೆಬ್ರವರಿ 9, ಮಂಗಳವಾರ, ಮಧ್ಯಾಹ್ನ ಎರಡೂ ಕಾಲು. ನಲವತ್ತು ದಿನದ ಉಪವಾಸಕ್ಕೆ ಮುಂಚಿನ ಕೊನೆಯ ಹಬ್ಬ. ಲಿಯಾನ್‌ನಲ್ಲಿ ನಮ್ಮ ರಂಗಮಂದಿರದಲ್ಲಿ ಅವತ್ತು ಹಗಲಾಟವಿತ್ತು. ಎರಡನೆಯ ಅಂಕಕ್ಕೆ ಮೊದಲು ಸಿದೋನಿ ಪರದೆಯ ಪಕ್ಕದ ಬೆಂಚಿನ ಮೇಲೆ ಕೂರಲು ಹೋದಳು. ಲಂಗ ನಲುಗಬಾರದೆಂದು ನರ್ತಕಿಯರೆಲ್ಲ ಮಾಡುವಂತೆ ಹಿಂಬದಿಯ ಪದರಗಳನ್ನು ಎರಡೂ ಕೈಯಲ್ಲಿ ಹಿಡಿದು ತಲೆಯವರೆಗೂ ಎತ್ತಿದಳು. ಎದ್ದ ಗಾಳಿಗೆ ಗ್ಯಾಸ್ ದೀಪದ ಉರಿ ಅತ್ತ ಬಾಗಿ ಲಂಗಕ್ಕೆ ತಗುಲಿತು. ಕಾವಲಿನವನು ಗೂಟದಿಂದ ಒದ್ದೆ ಕಂಬಳಿ ಎಳೆದುಕೊಂಡು ಓಡಿಬರುವಷ್ಟರಲ್ಲಿ ಅವಳು ರಂಗದ ನಡುವಿನವರೆಗೂ ಓಡಿಯಾಗಿತ್ತು. ಓಡಿದ್ದರಿಂದ ಬೆಂಕಿ ಇನ್ನೂ ಎದ್ದಿತು.

ಆ ಲಂಗ ಹತ್ತಿಕೊಳ್ಳಬಾರದಿತ್ತು. ಅದನ್ನು ಬೆಂಕಿ ತಡೆಯುವ ಉಪ್ಪುಗಳಾದ ಪಟಕ ಮತ್ತು ಬಿಳಿಗಾರದ ನೀರಿನಲ್ಲಿ ಅದ್ದಿ ಒಣಗಿಸಿದವನು ನಾನೇ. ರಂಗಮಂದಿರದ ಹಿಂದಿನ ಬೀದಿಯಲ್ಲಿ ನನ್ನ ಔಷಧದ ಅಂಗಡಿ.

ಈಗ ಆ ಉಡುಪಿಗೆ ತೂತೂ ಎಂಬ ಮುದ್ದಿನ ಹೆಸರು ಬಂದಿದೆ. ಆಗ ನಮಗದು ಬರೀ ಲಂಗ. ಅಜ್ಜಂದಿರ ಕಾಲದಲ್ಲಿ ನರ್ತಕಿಯರು ಭಾರದ ರೇಷ್ಮೆ ಉಟ್ಟು ನೆಲ ಗುಡಿಸುತ್ತಿದ್ದರಂತೆ. ಪಾದದ ಕೆಲಸ ಕಾಣಬೇಕೆಂದು ಲಂಗ ಗಿಡ್ಡವಾಯಿತು. ಗಿಡ್ಡವಾದದ್ದು ಮೋಡದ ಹಾಗೆ ನಿಲ್ಲಬೇಕೆಂದು ಬಟ್ಟೆ ತೆಳುವಾಯಿತು, ಪದರ ಹೆಚ್ಚಾಯಿತು. ಗಂಜಿ ಹಾಕಿದ ತೆಳು ಮಸ್ಲಿನ್, ಪದರ ಪದರದ ನಡುವೆ ಗಾಳಿ. ಒಲೆ ಹೊತ್ತಿಸಲು ಇದಕ್ಕಿಂತ ಒಳ್ಳೆಯ ಪುರಲೆ ಯಾರೂ ಜೋಡಿಸಲಾರರು.

ಹಿಂದಿನ ವರ್ಷ ಬೇರೊಂದು ಊರಿನಲ್ಲಿ ಗೆಳತಿಯೊಬ್ಬಳು ಸುಟ್ಟುಹೋದದ್ದನ್ನು ಸಿದೋನಿ ಕಣ್ಣಾರೆ ಕಂಡಿದ್ದಳು. ಅದಕ್ಕೇ ಮೊದಲು ನನ್ನ ಬಳಿ ಬಂದವಳು ಅವಳು. ಅವಳನ್ನು ನೋಡಿ ಇನ್ನೂ ಕೆಲವರು ಒಪ್ಪಿದರು. ಆದರೆ ಪಟಕ ಕುಡಿದ ಮಸ್ಲಿನ್ ಮಂಕಾಗುತ್ತದೆ, ಬಿರುಸಾಗುತ್ತದೆ. ಲಿಯೊಂತಿನ್ ಎಂಬ ನರ್ತಕಿ ಎಲ್ಲರೆದುರಿಗೆ ಆಡಿಕೊಂಡಳು: "ಏನೇ ಸಿದೋನಿ, ಒಲೆ ಒರೆಸೋ ಬಟ್ಟೆ ಸುತ್ಕೊಂಡ್ ಬಂದಿದೀಯ? ಅಗಸಗಿತ್ತಿ ಮಗಳಿಗೆ ಬಿಳಿ ಬಟ್ಟೆಗೆ ಬರವಾ?"

"ನೀನು ಬೆಳ್ಳಗೇ ಸಾಯಿ ಕಣೇ," ಅಂದಿದ್ದಳು ಸಿದೋನಿ. "ನಾನು ಮಂಕಾಗೇ ಮುದುಕಿ ಆಗ್ತೀನಿ."

ಮೂಲೆಯಲ್ಲಿ ಹೆಣಿಗೆ ಹಿಡಿದು ಕೂತಿದ್ದ ಅವಳ ತಾಯಿ ಬೆನ್ವಾತ್ ತಲೆ ಎತ್ತಿರಲಿಲ್ಲ. ಅವಳು ಸೋನ್ ನದಿಯ ಅಗಸರ ದೋಣಿಯಲ್ಲಿ ಬಟ್ಟೆ ಒಗೆಯುವವಳು.

ಆಸ್ಪತ್ರೆಯಲ್ಲಿ ಸಿದೋನಿಯನ್ನು ಬೋರಲಾಗಿ ಮಲಗಿಸಿದ್ದರು. ನನ್ನನ್ನು ಕರೆಸಿದ್ದಳು. ತಾಯಿ ನೀರು ತರಲು ಹೋದಾಗ ಮಾತಾಡಿದಳು.

"ಹಾಕ್ಕೊಂಡ ತಕ್ಷಣ ಗೊತ್ತಾಯ್ತು, ಔಷಧಿಯವರೇ. ನಿಮ್ಮ ಲಂಗ ನಡೆದ್ರೆ ಮರಳು ಉಜ್ಜಿದ ಹಾಗೆ ಸದ್ದು ಮಾಡೋದು. ಅವತ್ತು ಸದ್ದೇ ಇರ್ಲಿಲ್ಲ."

"ಅಮ್ಮ ಒಗೆದುಬಿಟ್ಟಿದ್ರಾ?"

"ಹಬ್ಬದ ದಿನ ಮಗಳು ಬೆಳ್ಳಗೆ ಕಾಣ್ಲಿ ಅಂತ. ಹೊಸ ಗಂಜಿ ಬೇರೆ."

"ಗೊತ್ತಿದ್ದೂ ಯಾಕಮ್ಮಾ ಹೋದೆ?"

"ಎದುರಿಗೇ ನಿಂತಿದ್ಲು. ಹೇಗಿದೆ ಹೇಗಿದೆ ಅಂತ ನಗ್ತಿದ್ಲು. ಚಳಿ ನೀರಿಗೆ ಕೈಯೆಲ್ಲ ಒಡೆದು ರಕ್ತ." ಸ್ವಲ್ಪ ಹೊತ್ತು ಉಸಿರಾಡಿದಳು. "ಒಂದೇ ಆಟ ಅಲ್ವಾ ಅಂದ್ಕೊಂಡೆ. ಅವಳು ಕೇಳಿದ್ರೆ ಔಷಧಿ ಕೆಟ್ಟಿತ್ತು ಅಂದ್ಬಿಡಿ. ನಿಮಗೇನು, ನಾಲ್ಕು ದಿನ ಬೈಸ್ಕೋತೀರಿ."

ನಾನು ಆಗಲಿ ಎನ್ನಲಿಲ್ಲ, ಆಗದು ಎನ್ನಲೂ ಇಲ್ಲ. ಈಸ್ಟರ್‌ಗೆ ಮುಂಚೆಯೇ ಅವಳು ತೀರಿಕೊಂಡಳು. ಗೋರಿಯ ಬಳಿ ಬೆನ್ವಾತ್ ನನ್ನ ಕೋಟಿನ ಕೊರಳು ಹಿಡಿದಳು. "ಉಪ್ಪು ಮಾರೋನೇ, ನನ್ನ ಮಗಳಿಗೆ ಏನು ಹಾಕಿದೆಯೋ?" ನಾನು ಕೊರಳು ಬಿಡಿಸಿಕೊಳ್ಳಲಿಲ್ಲ. ಬೈಸಿಕೊಳ್ಳುವುದು ಕಷ್ಟವಾಗಿರಲಿಲ್ಲ.

ಕಷ್ಟ ಬಂದದ್ದು ಆಮೇಲೆ. ರಂಗಮಂದಿರದ ಯಜಮಾನ ಬ್ರೊಸೆತ್ ಅಂಗಡಿಗೆ ಬಂದು, "ನಮ್ಮಲ್ಲಿಟ್ಟಿರೋ ನಿಮ್ಮ ಪಟಕದ ತೊಟ್ಟಿ ತಗೊಂಡ್ಹೋಗ್ಬಿಡಿ ಮೊಸ್ಯೂ. ಹುಡುಗೀರು ಯಾರೂ ಅದ್ದಲ್ಲ ಅಂತಾರೆ. ಅದ್ದಿದ್ದವಳೇ ಸತ್ತಳಲ್ಲ," ಅಂದ. ಹೋಗಿ ನೋಡಿದೆ. ಇಪ್ಪತ್ತು ಲಂಗ ಬೆಳ್ಳಗೆ ತೂಗುತ್ತಿದ್ದವು, ಪಕ್ಕದಲ್ಲೇ ದೀಪಗಳ ಸಾಲು.

ಆಸ್ಪತ್ರೆಯವರು ಕತ್ತರಿಸಿ ತೆಗೆದ ಸೊಂಟಪಟ್ಟಿ ನನ್ನ ಬಳಿ ಇತ್ತು. ಅದಕ್ಕೆ ಅಂಟಿಕೊಂಡ ಅಂಗೈಯಗಲದ ಮಸ್ಲಿನ್ ಸುಡದೆ ಉಳಿದಿತ್ತು. ಅದನ್ನೂ ಪಟಕ ಕುಡಿದ ಇನ್ನೊಂದು ತುಂಡನ್ನೂ ಹುಡುಗಿಯರೆದುರು ಸುಟ್ಟು ತೋರಿಸಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಬೆನ್ವಾತ್ ದೋಣಿಯಲ್ಲಿರುವ ಹೊತ್ತು ನೋಡಿ, ಗುರುವಾರ ಬೆಳಿಗ್ಗೆ ಎಲ್ಲರನ್ನೂ ರಂಗಮಂದಿರದಲ್ಲಿ ತೊಟ್ಟಿಯ ಬಳಿಗೆ ಕರೆದೆ. ಮೋಂಬತ್ತಿ ಹಚ್ಚಿದೆ. ಬಾಗಿಲಲ್ಲಿ ಬೆನ್ವಾತ್ ನಿಂತಿದ್ದಳು. ಮಗಳ ಬೂಟು ಕೇಳಲು ಬಂದಿದ್ದಳಂತೆ.

ಬತ್ತಿ ಆರಿಸಬಹುದಿತ್ತು. ಲಿಯೊಂತಿನ್ ಗೋಡೆಗೊರಗಿ, ಪದರಗಳನ್ನು ತಲೆಯವರೆಗೂ ಎತ್ತಿ, ಬೆಂಚಿನ ಮೇಲೆ ಕೂತಳು. ನಾನು ಬತ್ತಿ ಆರಿಸಲಿಲ್ಲ.

"ಇದು ಸಿದೋನಿಯ ಲಂಗದ್ದು," ಅಂದೆ. "ಇದು ನನ್ನ ತೊಟ್ಟಿಯದು."

"ಇರಿ," ಅಂದಳು ಬೆನ್ವಾತ್.

ಎರಡನ್ನೂ ನನ್ನ ಕೈಯಿಂದ ತೆಗೆದುಕೊಂಡಳು. ಬೆರಳಲ್ಲಿ ಉಜ್ಜಿದಳು. ಮದುವೆಗೆ ಮುಂಚೆ ಅವಳು ರೇಷ್ಮೆಗೆ ಬಣ್ಣ ಹಾಕುವವರ ಮನೆಯಲ್ಲಿ ಕೆಲಸಕ್ಕಿದ್ದವಳು. ಅಲ್ಲಿಯವರು ಮಾಡುವಂತೆ ತೊಟ್ಟಿಯ ತುಂಡನ್ನು ನಾಲಿಗೆಗೆ ಮುಟ್ಟಿಸಿದಳು. ಒಗರಿಗೆ ಬಾಯಿ ಸೆಳೆದುಕೊಂಡಿತು. ಆಮೇಲೆ ಮಗಳ ತುಂಡು; ಬಾಯಿ ಸೆಳೆಯಲಿಲ್ಲ. ಬಹಳ ಹೊತ್ತು ನಾಲಿಗೆಯ ಮೇಲೆ ಇಟ್ಟುಕೊಂಡೇ ಇದ್ದಳು.

"ಬಣ್ಣದ ಮನೇಲಿ ಪಟಕ ಹಾಕಿದ ಮೇಲೆ ಹೊಳೇಲಿ ಜಾಲಿಸ್ತಾರೆ," ಅಂದಳು, ಯಾರ ಮುಖವನ್ನೂ ನೋಡದೆ. "ಎಷ್ಟು ಜಾಲಿಸಿದ್ರೂ ಹೋಗಲ್ಲ. ಬಣ್ಣ ಹಿಡ್ಕೊಳ್ಳುತ್ತೆ."

"ಅಲ್ಲಿ ಕಾಯಿಸಿ ಕೂರಿಸ್ತಾರಮ್ಮ. ರೇಷ್ಮೆ ಹಿಡಿದಿಟ್ಕೊಳ್ಳುತ್ತೆ. ಇಲ್ಲಿ ಬರೀ ಮೇಲೆ ಒಣಗಿರುತ್ತೆ," ಅಂದೆ.

"ಕೊಳೆ ಮಾತ್ರ ಹೋಗುತ್ತೆ ಅಂದ್ಕೊಂಡೆ." ಆಮೇಲೆ ಕೇಳಿದಳು: "ಅವಳಿಗೆ ಗೊತ್ತಿತ್ತಾ?"

 ನನ್ನ ಮುಖ ನೋಡಿ ಅವಳು ಉತ್ತರ ಓದಿಕೊಂಡಳು.

ಮಗಳ ತುಂಡನ್ನು ರವಿಕೆಯೊಳಗೆ ಸೇರಿಸಿದಳು. ತೊಟ್ಟಿಯ ತುಂಡನ್ನು ತಾನೇ ಮೋಂಬತ್ತಿಗೆ ಹಿಡಿದಳು. ಉರಿ ಬಟ್ಟೆಯನ್ನು ನೆಕ್ಕಿತು, ಕಪ್ಪು ಮಾಡಿತು, ಮುಂದೆ ಹೋಗಲಿಲ್ಲ. ಬೆರಳಿಗೆ ಕಾವು ತಾಗುವವರೆಗೂ ಹಿಡಿದೇ ಇದ್ದಳು. ಆಮೇಲೆ ಅದನ್ನು ಲಿಯೊಂತಿನ್‌ಳ ತೊಡೆಯ ಮೇಲೆ ಇಟ್ಟು, ಬೂಟು ಕೇಳುವುದನ್ನೂ ಮರೆತು ಹೊರಟುಹೋದಳು.

ಲಿಯೊಂತಿನ್ ಎದ್ದಳು, ತನ್ನ ಲಂಗ ಬಿಚ್ಚಿ ತೊಟ್ಟಿಯ ಅಂಚಿಗೆ ಹಾಕಿದಳು. ಉಳಿದವರು ಒಬ್ಬರ ಹಿಂದೆ ಒಬ್ಬರು ಬಂದರು. ಬ್ರೊಸೆತ್‌ಗೆ ತೋರಿಸಲೆಂದು ನಾನು ಆ ತುಂಡಿನ ಮೇಲಿನ ಕಪ್ಪು ಕಲೆಯನ್ನು ಅಳೆದೆ. ಅಗಲ ಹದಿನೆಂಟು ಮಿಲಿಮೀಟರ್.