ಮೌಲಾಲಿಯ ರಂದಾ

ನಬೀಸಾಬ್ ಗೋಣಿಚೀಲದಿಂದ ರಂದಾ ತೆಗೆದು ಚಾಪೆಯ ಮೇಲಿಟ್ಟ. ಬಡಗಿಗಳು ಮರ ಕೀಸುವ ಹಳೇ ಉಪಕರಣ. ಜಾನಬಿ ಮುಟ್ಟುವ ಮೊದಲೇ ಗುರುತು ಹಿಡಿದಳು. ಗಂಡನದು! ಮೌಲಾಲಿ ಎಡಚ. ಹೆಬ್ಬೆರಳು ಕೂರುವ ತಗ್ಗು ಎಲ್ಲರ ರಂದಾದಂತೆ ಎಡಕ್ಕಿರದೆ ಬಲಕ್ಕಿತ್ತು.

"ಎಲ್ಲಿ ಸಿಕ್ತು, ನಬೀಭಾಯ್?"

"ವಾಡಿ ಗುಜರಿ ಅಂಗಡ್ಯಾಗ, ಭಾಭಿ. ಸೊಲ್ಲಾಪುರ ಕಡಿಂದ ಬಂದ ಸಾಮಾನಿನ್ಯಾಗಿತ್ತಂತ."

"ಹೊಳಿ ಒಯ್ದದ್ದು ಯಾರಿಗೋ ಸಿಕ್ಕಿರಬೇಕು ಬಿಡ್ರಿ," ಎಂದಳು ಜಾನಬಿ.

ಸೇಡಂಗೆ ಬಾಗಿಲು ಮಾಡಲು ಹೋದ ಮೌಲಾಲಿ ಶಹಾಬಾದಕ್ಕೆ ತಿರುಗಿ ಬಂದಿರಲಿಲ್ಲ. ಅದು ಕಾಗಿಣಾ ಹೊಳೆ ತುಂಬಿ ಹರಿದ ವರ್ಷ. ದಂಡೆಯ ಜಾಲಿಗಿಡದಲ್ಲಿ ಸೈಕಲ್ಲು ಸಿಕ್ಕಿತ್ತು, ಹೆಣ ಸಿಕ್ಕಿರಲಿಲ್ಲ. ಜಾನಬಿ ಬಳೆ ಒಡೆದುಕೊಂಡು, ಕಲ್ಲಿನ ಗಣಿಯಲ್ಲಿ ಬುಟ್ಟಿ ಹೊತ್ತು, ಕೂಸಾಗಿದ್ದ ಗುಲ್ಶನ್‌ಳನ್ನು ಸಾಕಿದ್ದಳು. ಈ ಶುಕ್ರವಾರ ಆ ಮಗಳ ನಿಕಾಹ್.

ಗಂಡನ ಜತೆ ಕೆಲಸ ಕಲಿತ ನಬೀಸಾಬ್ ಅಲಗನ್ನು ಬಿಚ್ಚಿ ತೋರಿಸಿದ. "ಆತ ಹೋಗೋಮುಂದ ಇದು ಹೊಸಾದು, ಗೇಣುದ್ದ ಇತ್ತು. ನಾನೇ ಹೈದರಾಬಾದಿಂದ ತಂದುಕೊಟ್ಟಿದ್ದೆ. ಈಗ ನಾಕ ಬೆರಳಿಲ್ಲ. ಹಿಂಗ ಸವೀಬೇಕಂದ್ರ ಹತ್ತು ವರ್ಷರ ಸಾಣಿ ಹಿಡೀಬೇಕು."

"ಬ್ಯಾರೇದವರು ಬಳಸಿರಬೇಕು!"

"ತಗ್ಗು ನೋಡ್ರಿ, ಮೊದ್ಲಿಗಿಂತ ಆಳ ಆಗ್ಯದ. ಬಲಗೈಯವಗ ಹಂಗ ಸವಸಾಕ ಬರಂಗಿಲ್ಲ. ತಳದಾಗ ಅಲಗು ಹೊರಬರೋ ಬಾಯಿ ಸವದು ಅಗಲಾದಲ್ಲಿ ಮೀನಿನ ಬಾಲದಂಥ ಮರದ ಚಕ್ಕಿ ಕೂಡಸ್ಯಾನ, ಮೊದ್ಲ ಅದಿರಲಿಲ್ಲ. ಹಂಗ ಕೂಡಸಾಂವ ಆತ ಒಬ್ಬನೇ." ನಬೀಸಾಬ್ ತಲೆ ಎತ್ತಲಿಲ್ಲ. "ಈಗ ಅದಾನೋ ಇಲ್ಲೋ, ಖುದಾಗೇ ಗೊತ್ತು."

ಜಾನಬಿಯ ಮೈ ಉರಿದುಹೋಯಿತು. "ವರ್ಷಾ ವರ್ಷಾ ಸತ್ತ ದಿನ ಅಂತ ಫಾತೇಹಾ ಓದಸೀನಿ! ನಾ ಉಪಾಸ ಬಿದ್ದು ಅವನ ಹೆಸರಲೆ ಫಕೀರರಿಗೆ ಉಣಿಸೀನಿ! ಆ ಹಲ್ಕಟ್ ಅಲ್ಲೆಲ್ಲೋ ಯಾರ್‍ದೋ ಬಾಗ್ಲಾ ಕೀಸ್ಕೋತ ಕುಂತಿದ್ದ?"

"ಶುಕ್ರವಾರ ನಿಕಾಹ್‌ದಾಗ ಹುಡುಗಿ ಪರವಾಗಿ ಮಾತಾಡೋ ವಕೀಲಾಗಿ ನಾನೇ ಕುಂದ್ರಾಂವ, ಭಾಭಿ. ತಂದಿ ಇದ್ರ ತಂದಿ ಒಪ್ಪಿಗಿ ಬೇಕು. ಖಾಜಿಗೆ ಸುಳ್ಳ ಹೆಂಗ ಹೇಳಲಿ?"

ಜಾನಬಿ ರಂದಾವನ್ನು ಮತ್ತೆ ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. ತಂದೆ ಸತ್ತ ಹುಡುಗಿ ಎಂದು ಬೀಗರು ಮರುಗಿ ಒಪ್ಪಿದ್ದರು. ಓಡಿಹೋದವನ ಮಗಳು ಎಂದರೆ ವಾಡಿಯಿಂದ ದಿಬ್ಬಣ ಹೊರಡುತ್ತಿರಲಿಲ್ಲ. ಊರ ಬಾಯಿ ಮುಚ್ಚಲು ಮುಚ್ಚಳ ಎಲ್ಲಿದೆ?

ಶುಕ್ರವಾರ ನಮಾಜು ಮುಗಿದ ಮೇಲೆ ಅಂಗಳದ ಚಪ್ಪರದಲ್ಲಿ ಜನ ಕೂತರು. ಖಾಜಿಸಾಹೇಬರು ಕನ್ನಡಕ ಸರಿಮಾಡಿಕೊಂಡು ಕೇಳಿದರು.

"ಹುಡುಗಿ ತಂದಿ?"

"ಮೌಲಾಲಿ," ಎಂದ ನಬೀಸಾಬ್.

"ಎಲ್ಲಿ ಅದಾರ? ಕರೀರಿ."

ನಬೀಸಾಬ್ ಹೆಂಗಸರ ಪರದೆಯ ಕಡೆ ನೋಡಿದ. ವರನ ತಂದೆ ತಿರುಗಿ ಅವನ ಮುಖ ನೋಡಿದ.

"ಮರ್ಹೂಮ್." ಪರದೆಯ ಹಿಂದಿನಿಂದ ಜಾನಬಿಯ ದನಿ ಬಂತು. "ಸತ್ತಾರ್‍ರಿ. ಕೂಸು ಮೊಲಿ ಕುಡಿಯೋಮುಂದೇ ಸತ್ತಾರ. ನೀವು ಮುಂದ ಓದ್ರಿ."

ಖಾಜಿಸಾಹೇಬರು ಓದತೊಡಗಿದರು. ಒಳಗೆ ಜಾನಬಿ ಸೆರಗನ್ನು ಬಾಯಿಗೆ ತುರುಕಿಕೊಂಡು ಕುಸಿದು ಕೂತಳು. ಪಾಪ, ಇಂಥ ಹೊತ್ತಿನಲ್ಲಿ ಗಂಡನ ನೆನಪಾಗದೆ ಇರುತ್ತದೆಯೇ ಎನ್ನುತ್ತ ಹೆಂಗಸರು ಅವಳ ಬೆನ್ನು ಸವರಿದರು.