ಅಣ್ಣನ ಸಿದ್ಧಬಿಂಬ

ಆ ಮನೆಯಲ್ಲಿ ದೇವರ ಬಿಂಬ ಎರೆಯುತ್ತಿದ್ದವನು ಅಣ್ಣ. ತಮ್ಮನದು ಗಂಟೆ, ದೀಪಗಳ ಎರಕ. ಅಣ್ಣನ ಬಾಯಲ್ಲಿ ಅವನ ಹೆಸರೇ 'ಗಂಟೆ'. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅಣ್ಣ ಅವನಿಗೆ ಭೇಷ್ ಅಂದದ್ದಿಲ್ಲ. ಆ ಒಂದು ಮಾತಿಗಾಗಿ ತಮ್ಮ ಬಾಯಿಬಿಡದೆ ಕಾದಿದ್ದ.

ಬಸದಿಗೆ ಒಪ್ಪಿಕೊಂಡ ಬಿಂಬ ಇನ್ನೂ ಮೇಣದಲ್ಲಿರುವಾಗಲೇ ಅಣ್ಣನ ಕಣ್ಣು ಹೋಯಿತು, ಹಿಂದೆಯೇ ಹಾಸಿಗೆ ಹಿಡಿದ. ಅದರ ಮೇಲೆ ಹೊದಿಸಿದ್ದ ಬಟ್ಟೆಯನ್ನು ತಮ್ಮ ಸರಿಸಿ ನೋಡಿದ: ಮೇಣದ ಹಲಗೆ, ಸುತ್ತ ಪ್ರಭಾವಳಿ, ನಡುವೆ ನಿಂತ ಮನುಷ್ಯನ ಆಕಾರದಲ್ಲಿ ಕತ್ತರಿಸಿದ ತೂತು. ಪಾಪ, ಮೂರ್ತಿ ಕೂರಿಸುವಷ್ಟರಲ್ಲಿ ಹೀಗಾಯಿತು ಎಂದುಕೊಂಡ. ಯಾರನ್ನೂ ಕೇಳದೆ, ತೋಳು ಇಳಿಬಿಟ್ಟು ನಿಂತ ಜಿನನನ್ನು ಆ ತೂತಿನೊಳಗೆ ತಿದ್ದಿ ತೀಡಿ, ಕಂಚು ಹೊಯ್ದ.

ತಣಿದ ಬಿಂಬವನ್ನು ಅಣ್ಣನ ಮಂಚದ ಬಳಿಗೆ ಒಯ್ದ. ಅಣ್ಣನ ಬೆರಳುಗಳು ಪ್ರಭಾವಳಿ ಸುತ್ತಿ ನಡುವಿಗೆ ಬಂದು, ಮೂರ್ತಿಯ ಎದೆಯ ಮೇಲೆ ನಿಂತುಬಿಟ್ಟವು.

"ನೀನೇ ಮಾಡಿದ್ಯೇನೋ, ಗಂಟೆ?"

"ಹೂಂ ಅಣ್ಣ. ಒಬ್ಬನೇ."

ಅಣ್ಣ ಕೈ ಹಿಂದಕ್ಕೆ ತೆಗೆದುಕೊಂಡ. "ಭೇಷ್ ಕಣೋ," ಎಂದ.

ತಮ್ಮನು ಹಿತ್ತಲಿಗೆ ಹೋಗಿ ಮಗುವಿನಂತೆ ಅತ್ತ. ಎಂಟು ದಿನಕ್ಕೆ ಅಣ್ಣ ತೀರಿಕೊಂಡ.

ಬಿಂಬ ಒಯ್ಯಲು ಬಂದ ಬಸದಿಯ ಅರ್ಚಕರು ತಬ್ಬಿಬ್ಬಾದರು. "ಇದೇನಪ್ಪಾ? ನಾವು ಕೇಳಿದ್ದು ಸಿದ್ಧರನ್ನಲ್ವಾ? ಕರ್ಮ ಕಳ್ಕೊಂಡು ದೇಹಾನೂ ಬಿಟ್ಟೋರಿಗೆ ಮೈ ಎಲ್ಲಿಂದ ಬರ್ಬೇಕು? ಆ ಖಾಲಿ ಜಾಗಾನೇ ಬಿಂಬ. ಇದೊಂದು ಮುಗಿಸಿದ್ರೆ ಸಾಕು ಅಂತಿದ್ರು ನಿಮ್ಮಣ್ಣ."

ಹಾಗಾದರೆ ಮುಟ್ಟಿದ ಕೂಡಲೇ ಅಣ್ಣನಿಗೆ ಗೊತ್ತಾಗಿತ್ತು. ತನ್ನ ಕೊನೆಯ ಕೆಲಸ ಕೆಟ್ಟದ್ದು ತಿಳಿದೂ ಆ ಮಾತು ಆಡಿದ್ದ. ನಾಚಿಕೆಯಿಂದ ತಮ್ಮನಿಗೆ ತಲೆ ಎತ್ತಲಾಗಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಒಂದು ವಾರ ಕೊಡಿ," ಎಂದಷ್ಟೇ ಹೇಳಿದ.

ಗರಗಸ ಹಿಡಿದು ಕೂತ. ಪಾದ, ತೋಳು, ಕಿವಿ ಎಂದು ಅಂಚು ಬಿಡಿಸುತ್ತ ಹೋದ. ತಾನೇ ತಿದ್ದಿದ ಮುಖವನ್ನು ನೋಡದಿರಲು ಪಟ್ಟ ಪಾಡು ಅವನಿಗೇ ಗೊತ್ತು. ನಾಲ್ಕನೆಯ ದಿನ ಮೂರ್ತಿ ಕಳಚಿ ಅವನ ಮಡಿಲಿಗೆ ಬಿತ್ತು.

ಅಂಚು ಅರದಿಂದ ನಯಮಾಡಿ, ಹಲಗೆಯನ್ನು ಬೆಳಕಿಗೆತ್ತಿ ನೋಡಿದ. ಆ ತೂತಿನೊಳಗಿಂದ ಗೋಡೆಬದಿಯಲ್ಲಿ ಅಣ್ಣನ ಮಂಚ ಕಂಡಿತು. ಹಾಸಿಗೆ ಸುತ್ತಿಟ್ಟಿದ್ದರು.

"ಅಣ್ಣಾ," ಎಂದ, "ಈಗ ಹೇಳು."